ಮೊಬೈಲಿನಲ್ಲೇ ಮನಸ್ಸಿಗೆ ಚಿಕಿತ್ಸೆ: ಎಷ್ಟು ನಿಜ, ಎಷ್ಟು ಬರೀ ಫಾರ್ವರ್ಡ್?

“ಆಸ್ಪತ್ರೆಗೆ ಹೋಗಬೇಕಿಲ್ಲ, ಮಾತ್ರೆ ಬೇಕಿಲ್ಲ. ಮನೆಯಲ್ಲೇ ಕೂತು ಐದು ಸೆಷನ್, ಖಿನ್ನತೆ ಮಾಯ!” ಇಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಅದರ ಕೆಳಗೇ ಯಾರೋ ಒಬ್ಬರು “ಫೋನಿನಲ್ಲಿ ಮಾತಾಡಿದರೆ ಕಾಯಿಲೆ ವಾಸಿಯಾಗುತ್ತಾ? ಎಲ್ಲಾ ದುಡ್ಡು ಹೊಡೆಯೋ ದಂಧೆ” ಎಂದು ಬರೆದಿರುತ್ತಾರೆ. ಈ ಎರಡು ಮಾತನ್ನೂ ಪೂರ್ತಿ ನಂಬುವ ಹಾಗಿಲ್ಲ.

ಚಿಕ್ಕ ಉತ್ತರ ಇಷ್ಟು: ತರಬೇತಿ ಪಡೆದವರು ಕ್ರಮಬದ್ಧವಾಗಿ ನಡೆಸುವ ಆನ್‌ಲೈನ್ ಥೆರಪಿ ಖಿನ್ನತೆ ಮತ್ತು ಆತಂಕ ಇರುವ ಅನೇಕರಿಗೆ ಎದುರುಬದುರು ಕೂತು ಮಾಡುವ ಚಿಕಿತ್ಸೆಯಷ್ಟೇ ನೆರವಾಗುತ್ತದೆ. ದೀರ್ಘಕಾಲದ ಕಾಯಿಲೆ ಇರುವವರಿಗೂ, ಎಡಿಎಚ್‌ಡಿ ಇರುವ ವಯಸ್ಕರಿಗೂ ಅದರಿಂದ ಉಪಯೋಗವಿದೆ. ಆದರೆ ಅದು ಎಲ್ಲರಿಗೂ ಸಾಲುವುದಿಲ್ಲ, ಎಲ್ಲ ಸಲವೂ ಸುರಕ್ಷಿತವಲ್ಲ, “ಐದು ಸೆಷನ್‌ನಲ್ಲಿ ಗ್ಯಾರಂಟಿ” ಎನ್ನುವವರು ಹೇಳುವಂಥ ಪವಾಡವೂ ಅಲ್ಲ.

ಅತ್ತಿವೇರಿಯಂಥ ಊರಿಗೆ ಇದು ಯಾಕೆ ಮುಖ್ಯ?

ಮುಂಡಗೋಡ ತಾಲ್ಲೂಕಿನ ಅತ್ತಿವೇರಿಯನ್ನು ಹೊರಗಿನವರು ಪಕ್ಷಿಧಾಮದಿಂದ ಗುರುತಿಸುತ್ತಾರೆ. ಇಲ್ಲಿನವರಿಗೆ ಮಾತ್ರ ತಜ್ಞ ವೈದ್ಯರು ಎಂದರೆ ಬಸ್ಸು ಹತ್ತುವ ಮಾತು. ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗೆ, ಕಡಲ ದಂಡೆಯಲ್ಲಿದೆ. ಅದಕ್ಕಿಂತ ಹುಬ್ಬಳ್ಳಿ, ಧಾರವಾಡವೇ ಹತ್ತಿರ. ಮುಂಡಗೋಡ, ಹಳಿಯಾಳ, ದಾಂಡೇಲಿ ಕಡೆಯವರು ದೊಡ್ಡ ಆಸ್ಪತ್ರೆಗೆ ಅಲ್ಲಿಗೇ ಹೋಗುವುದು ಹೆಚ್ಚು. ಜೋಯಿಡಾದ ಕಾಡಿನ ನಡುವಿನ ಹಳ್ಳಿಗಳಿಂದ ಹೊರಟರೆ ಇಡೀ ದಿನ ಹೋಯಿತು ಎಂದೇ ಲೆಕ್ಕ.

ಥೆರಪಿ ಒಂದೇ ಭೇಟಿಗೆ ಮುಗಿಯುವುದಿಲ್ಲ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಕೆಲವು ತಿಂಗಳು ಬೇಕು. ಪ್ರತಿ ವಾರ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು, “ಎಲ್ಲಿಗೆ ಹೊರಟ್ರಿ?” ಎನ್ನುವ ಪ್ರಶ್ನೆಗೆ ಉತ್ತರ ಕೊಟ್ಟು ಧಾರವಾಡಕ್ಕೆ ಹೋಗಿಬರುವವರು ಎಷ್ಟು ಮಂದಿ? ಬಹಳಷ್ಟು ಜನ ಎರಡನೇ ಭೇಟಿಗೇ ನಿಲ್ಲಿಸುತ್ತಾರೆ, ಇಲ್ಲವೇ ಹೊರಡುವುದೇ ಇಲ್ಲ.

ಇದು ಬರೀ ನಮ್ಮ ಕಡೆಯ ಕಥೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಗೆ ತಕ್ಕಂತೆ ಅವರಲ್ಲಿ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಈ ಅಂತರವನ್ನು ಫೋನು ಸ್ವಲ್ಪವಾದರೂ ತುಂಬುತ್ತದೆಯೇ ಎಂಬುದೇ ಇಲ್ಲಿರುವ ಪ್ರಶ್ನೆ.

ಆನ್‌ಲೈನ್ ಥೆರಪಿ ಎಂದರೆ ಏನು ಮಾಡುತ್ತಾರೆ?

ಬಹಳ ಜನ ಥೆರಪಿ ಎಂದರೆ “ಧೈರ್ಯ ಹೇಳುವುದು” ಎಂದುಕೊಂಡಿದ್ದಾರೆ. ಧೈರ್ಯ ಹೇಳಲು ಅಣ್ಣ, ಅಕ್ಕ, ಗೆಳೆಯರು ಸಾಕು. ಥೆರಪಿಗೆ ಒಂದು ಕ್ರಮವಿದೆ.

ಮೊದಲ ಸೆಷನ್‌ನಲ್ಲಿ ನಿಮ್ಮ ತೊಂದರೆ ಯಾವಾಗ ಶುರುವಾಯಿತು, ನಿದ್ದೆ, ಊಟ, ಕೆಲಸ ಹೇಗಿದೆ, ಬೇರೆ ಕಾಯಿಲೆ ಅಥವಾ ಮಾತ್ರೆ ಇದೆಯೇ, ಕುಡಿತ ಇದೆಯೇ, ಸಾಯುವ ಯೋಚನೆ ಬರುತ್ತದೆಯೇ ಎಂದೆಲ್ಲ ಕೇಳುತ್ತಾರೆ. ಒಳ್ಳೆಯ ಥೆರಪಿಸ್ಟ್ ಆದರೆ ನೀವು ಈಗ ಎಲ್ಲಿದ್ದೀರಿ, ತುರ್ತು ಬಂದರೆ ಮನೆಯವರಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಬರೆದುಕೊಳ್ಳುತ್ತಾರೆ. ಇದು ಅಧಿಕಪ್ರಸಂಗವಲ್ಲ, ನಿಮ್ಮ ಸುರಕ್ಷತೆಗೆ ಬೇಕಾದದ್ದು.

ಆಮೇಲಿನ ಸೆಷನ್‌ಗಳು ಸಾಮಾನ್ಯವಾಗಿ 45-50 ನಿಮಿಷ ಇರುತ್ತವೆ. ಹೆಚ್ಚು ಬಳಕೆಯಲ್ಲಿರುವ ವಿಧಾನ ಸಿಬಿಟಿ. “ನನ್ನ ಕೈಲಿ ಏನೂ ಆಗಲ್ಲ” ಎನ್ನುವ ಯೋಚನೆ, ಅದರಿಂದ ಬರುವ ಬೇಸರ, ಆ ಬೇಸರದಿಂದ ಹಾಸಿಗೆ ಬಿಟ್ಟೇಳದ ಅಭ್ಯಾಸ, ಇವು ಒಂದಕ್ಕೊಂದು ಹೇಗೆ ಗಂಟು ಬಿದ್ದಿವೆ ಎಂದು ನೋಡಿ ಒಂದೊಂದೇ ಎಳೆ ಬಿಡಿಸುವುದು ಅದರ ಕೆಲಸ. ಪ್ರತಿ ವಾರ “ಹೋಂವರ್ಕ್” ಇರುತ್ತದೆ. ಸುಮ್ಮನೆ ಕೇಳಿಸಿಕೊಂಡರೆ ಫಲವಿಲ್ಲ, ಆ ಮನೆಕೆಲಸ ಮಾಡಿದರೇ ಫಲ.

ಪರದೆಯ ಮೇಲೆ ಮಾತಾಡಿದರೆ ನಿಜಕ್ಕೂ ಕೆಲಸ ಮಾಡುತ್ತದೆಯೇ?

ಖಿನ್ನತೆ ಮತ್ತು ಆತಂಕದ ಮಟ್ಟಿಗೆ ಹೌದು. ವಿಡಿಯೋ ಮೂಲಕ ನಡೆಸಿದ ಸಿಬಿಟಿಯನ್ನು ಎದುರುಬದುರು ನಡೆಸಿದ್ದರ ಜತೆ ಹೋಲಿಸಿದ ಹಲವು ಪ್ರಯೋಗಗಳಲ್ಲಿ ಎರಡರ ಫಲಿತಾಂಶವೂ ಹತ್ತಿರಹತ್ತಿರ ಬಂದಿದೆ. ಆದರೆ ಒಂದು ಮಾತು: ಮನುಷ್ಯರ ನೆರವೇ ಇಲ್ಲದೆ ಬರೀ ಆ್ಯಪ್ ಕೊಟ್ಟು ಬಿಟ್ಟರೆ ಬಹಳ ಜನ ಅರ್ಧಕ್ಕೇ ಕೈಬಿಡುತ್ತಾರೆ, ಫಲವೂ ಕಡಿಮೆ.

ಇನ್ನೊಂದು ಪಾಠ ಜೋಯಿಡಾದ ಪಕ್ಕದ ಗೋವಾದಿಂದಲೇ ಬಂದಿದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಖಿನ್ನತೆ ಜೋರಾಗಿದ್ದ 495 ವಯಸ್ಕರ ಮೇಲೆ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿಕಿತ್ಸೆ ಕೊಟ್ಟವರು ಡಾಕ್ಟರುಗಳಲ್ಲ. ತರಬೇತಿ ಪಡೆದ ಸ್ಥಳೀಯ ಆಪ್ತಸಮಾಲೋಚಕರು. ಆರರಿಂದ ಎಂಟು ಭೇಟಿ, ಅಷ್ಟೇ. ಮೂರು ತಿಂಗಳ ನಂತರ ನೋಡಿದಾಗ ಮಾತಿನ ಚಿಕಿತ್ಸೆ ಪಡೆದವರಲ್ಲಿ ಶೇ. 64ರಷ್ಟು ಜನ ಖಿನ್ನತೆಯಿಂದ ಹೊರಬಂದಿದ್ದರು. ಆ ಚಿಕಿತ್ಸೆ ಸಿಗದವರಲ್ಲಿ ಈ ಪ್ರಮಾಣ ಶೇ. 39. ಇದು ಆನ್‌ಲೈನ್ ಚಿಕಿತ್ಸೆಯಲ್ಲ, ಮುಖಾಮುಖಿ ನಡೆದದ್ದು. ಆದರೂ ಎರಡು ವಿಷಯ ಗೊತ್ತಾಗುತ್ತದೆ. ಮಾತಿನ ಚಿಕಿತ್ಸೆ ಪೇಟೆಯ ಶ್ರೀಮಂತರ ಶೋಕಿಯಲ್ಲ, ನಮ್ಮಂಥ ಊರುಗಳಲ್ಲೂ ಕೆಲಸ ಮಾಡುತ್ತದೆ. ಮತ್ತು ಐಷಾರಾಮಿ ಕ್ಲಿನಿಕ್ಕಿಗಿಂತ ಸರಿಯಾದ ತರಬೇತಿ, ಸರಿಯಾದ ಕ್ರಮ ಮುಖ್ಯ. ಹಾಗೆಯೇ ಶೇ. 64 ಎಂದರೆ ನೂರಕ್ಕೆ ನೂರು ಅಲ್ಲ ಎಂಬುದನ್ನೂ ಗಮನಿಸಿ. “ಗ್ಯಾರಂಟಿ” ಎನ್ನುವ ಪೋಸ್ಟರ್ ಅಲ್ಲೇ ಸುಳ್ಳಾಯಿತು.

ಯಾವ ತೊಂದರೆಗೆ ಎಷ್ಟು ಉಪಯೋಗ?

ಖಿನ್ನತೆ: ಎರಡು ವಾರಕ್ಕಿಂತ ಹೆಚ್ಚು ದಿನ ಮನಸ್ಸು ಕುಗ್ಗಿ, ಯಾವುದರಲ್ಲೂ ಆಸಕ್ತಿ ಇಲ್ಲದೆ, ನಿದ್ದೆ, ಹಸಿವು ಕೆಟ್ಟು ಕೆಲಸವೇ ನಡೆಯದಂತಾದರೆ ಅದು ಬರೀ ಬೇಸರವಲ್ಲ. ಸೌಮ್ಯ ಮತ್ತು ಮಧ್ಯಮ ಖಿನ್ನತೆಗೆ ಥೆರಪಿಯೊಂದೇ ಸಾಕಾಗಬಹುದು. ತೀವ್ರವಾಗಿದ್ದರೆ ಮಾತ್ರೆಯೂ ಬೇಕಾಗುತ್ತದೆ. ಥೈರಾಯ್ಡ್ ಕಡಿಮೆಯಾದರೆ, ರಕ್ತಹೀನತೆ ಅಥವಾ ಬಿ12 ಕೊರತೆ ಇದ್ದರೆ ಖಿನ್ನತೆಯಂಥದೇ ಸುಸ್ತು, ಮಂಕು ಕಾಣಿಸುತ್ತದೆ. ಇದು ವಿಡಿಯೋ ಕಾಲ್‌ನಲ್ಲಿ ಗೊತ್ತಾಗುವುದಿಲ್ಲ. ಹಾಗಾಗಿ ಒಮ್ಮೆ ಹತ್ತಿರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಆತಂಕ: ಎದೆ ಡವಡವ, ಕೈ ಬೆವರು, “ಈಗಲೇ ಏನೋ ಆಗಿಬಿಡುತ್ತೆ” ಎಂಬ ದಿಗಿಲು. ಇದಕ್ಕೆ ಆನ್‌ಲೈನ್ ಥೆರಪಿ ಚೆನ್ನಾಗಿ ಹೊಂದುತ್ತದೆ. ಎಚ್ಚರಿಕೆ ಒಂದೇ: ಮೊದಲ ಸಲ ಎದೆನೋವು, ಉಸಿರುಗಟ್ಟುವಿಕೆ ಬಂದಾಗ “ಟೆನ್ಷನ್” ಎಂದು ನೀವೇ ತೀರ್ಮಾನಿಸಬೇಡಿ. ಇಸಿಜಿ ಮಾಡಿಸಿ, ಹೃದಯದ ತೊಂದರೆ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಇನ್ನೊಂದು, ಮನೆಯಿಂದ ಹೊರಗೆ ಹೋಗಲೇ ಭಯ ಎನ್ನುವವರಿಗೆ ಫೋನು ಮೊದಲ ಮೆಟ್ಟಿಲಾಗಬೇಕು. ಅದೇ ಅಡಗುತಾಣವಾಗಬಾರದು.

ದೀರ್ಘಕಾಲದ ಕಾಯಿಲೆ: ಸಕ್ಕರೆ ಕಾಯಿಲೆ ಇರುವವರಲ್ಲಿ ಖಿನ್ನತೆ ಇತರರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಕಾಣಿಸುತ್ತದೆ. ಖಿನ್ನತೆ ಬಂದಾಗ ಮಾತ್ರೆ ತಪ್ಪುತ್ತದೆ, ನಡಿಗೆ ನಿಲ್ಲುತ್ತದೆ, ಸಕ್ಕರೆ ಏರುತ್ತದೆ. ಏರಿದ ಸಕ್ಕರೆ ಮತ್ತೆ ಮನಸ್ಸನ್ನು ಕುಗ್ಗಿಸುತ್ತದೆ. ಡಯಾಲಿಸಿಸ್, ಸಂಧಿವಾತ, ಲಕ್ವ ಹೊಡೆದ ನಂತರದ ದಿನಗಳು, ಇಲ್ಲೆಲ್ಲ ಇದೇ ಚಕ್ರ. ಥೆರಪಿ ಸಕ್ಕರೆ ಕಾಯಿಲೆಯನ್ನಾಗಲಿ ಸಂಧಿವಾತವನ್ನಾಗಲಿ ವಾಸಿ ಮಾಡುವುದಿಲ್ಲ; ಈ ಚಕ್ರವನ್ನು ಮುರಿಯಲು ನೆರವಾಗುತ್ತದೆ. ಮಂಡಿ ನೋವಿನಲ್ಲಿ ಬಸ್ಸು ಹತ್ತಲಾಗದವರಿಗೆ ಆನ್‌ಲೈನ್ ಎಂಬುದು ಸೌಕರ್ಯ ಮಾತ್ರವಲ್ಲ, ಎಷ್ಟೋ ಸಲ ಇರುವ ಒಂದೇ ದಾರಿ.

ವಯಸ್ಕರ ಎಡಿಎಚ್‌ಡಿ: ಇದು ಮಕ್ಕಳ ತುಂಟತನ ಅಲ್ಲ, ದೊಡ್ಡವರ ಸೋಮಾರಿತನವೂ ಅಲ್ಲ. ಗಮನ ನಿಲ್ಲದಿರುವುದು, ಶುರು ಮಾಡಿದ ಕೆಲಸ ಮುಗಿಯದಿರುವುದು, ಸಮಯದ ಅಂದಾಜು ತಪ್ಪುವುದು, ದುಡುಕುವುದು ಇದರ ಲಕ್ಷಣ. ವಯಸ್ಕರಲ್ಲಿ ನೂರಕ್ಕೆ ಎರಡು-ಮೂರು ಮಂದಿಗೆ ಇರಬಹುದು ಎಂಬುದು ಸಂಶೋಧಕರ ಅಂದಾಜು. ಆದರೆ ಒಂದು ರೀಲ್ಸ್ ನೋಡಿ “ನನಗೂ ಇದೆ” ಎನ್ನುವುದು ಸರಿಯಲ್ಲ. ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಶುರುವಾಗಿರಬೇಕು, ಮನೆ ಮತ್ತು ಕೆಲಸ ಎರಡೂ ಕಡೆ ತೊಂದರೆ ಕೊಡುತ್ತಿರಬೇಕು. ನಿದ್ದೆಗೆಟ್ಟರೂ, ಖಿನ್ನತೆ ಇದ್ದರೂ, ಥೈರಾಯ್ಡ್ ಏರುಪೇರಾದರೂ ಗಮನ ಕೆಡುತ್ತದೆ. ಅದಕ್ಕೇ ತಜ್ಞರು ನಿಮ್ಮ ಬಾಲ್ಯದ ಬಗ್ಗೆ ಅಪ್ಪ-ಅಮ್ಮನನ್ನೂ ಕೇಳುವುದುಂಟು. ಥೆರಪಿಯಲ್ಲಿ ಕಲಿಸುವುದು ದೊಡ್ಡ ಕೆಲಸವನ್ನು ಚಿಕ್ಕ ತುಂಡು ಮಾಡುವುದು, ಒಂದೇ ಡೈರಿ ಇಡುವುದು, ಅಲಾರಂ ಬಳಸುವುದು, ಮುಂದೂಡುವ ಚಾಳಿಯನ್ನು ಹಿಡಿಯುವುದು. ಮಾತ್ರೆ ತೆಗೆದುಕೊಂಡ ಮೇಲೂ ಉಳಿಯುವ ತೊಂದರೆಗೆ ಇದು ನೆರವಾಗುತ್ತದೆ.

“ಮಾತ್ರೆ ಬಿಟ್ಟುಬಿಡಿ, ಥೆರಪಿ ಸಾಕು” ಎಂದರೆ?

ಈ ಫಾರ್ವರ್ಡ್ ಅಪಾಯಕಾರಿ. ಖಿನ್ನತೆಯ ಮಾತ್ರೆಗಳು ಕೆಲಸ ಶುರು ಮಾಡಲು ಕೆಲವು ವಾರ ಬೇಕು. ಆರಾಮ ಎನಿಸಿದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕಾಗುತ್ತದೆ. ಅವು ಸರಾಯಿಯಂತೆ ಚಟ ಹಿಡಿಸುವುದಿಲ್ಲ. ಆದರೆ ಒಮ್ಮೆಗೇ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ಕಾಯಿಲೆ ಮರುಕಳಿಸುವುದು ಆಗಬಹುದು. ಬಿಡುವುದಿದ್ದರೂ ಬರೆದುಕೊಟ್ಟ ವೈದ್ಯರ ಮಾತಿನಂತೆ ನಿಧಾನಕ್ಕೆ ಬಿಡಬೇಕು.

ಯಾರು ಮಾತ್ರೆ ಬರೆಯಬಹುದು ಎಂಬುದಕ್ಕೂ ನಿಯಮವಿದೆ. ಕೇಂದ್ರ ಸರ್ಕಾರ 2020ರ ಮಾರ್ಚ್‌ನಲ್ಲಿ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ನೋಂದಾಯಿತ ವೈದ್ಯರು ಮಾತ್ರ ಫೋನ್ ಅಥವಾ ವಿಡಿಯೋದಲ್ಲಿ ನೋಡಿ ಔಷಧಿ ಬರೆಯಬಹುದು, ಚೀಟಿಯ ಮೇಲೆ ನೋಂದಣಿ ಸಂಖ್ಯೆ ಇರಬೇಕು. ಷೆಡ್ಯೂಲ್ ಎಕ್ಸ್ ಪಟ್ಟಿಯ ಔಷಧಿಗಳನ್ನು ಹೀಗೆ ಬರೆಯುವಂತಿಲ್ಲ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಆ ಪಟ್ಟಿಯಲ್ಲಿದೆ. ಹಾಗಾಗಿ “ಆನ್‌ಲೈನ್‌ನಲ್ಲೇ ಎಡಿಎಚ್‌ಡಿ ಟೆಸ್ಟ್, ಮಾತ್ರೆ ಕೊರಿಯರ್‌ನಲ್ಲಿ ಮನೆಗೆ” ಎಂಬ ಜಾಹೀರಾತು ಕಂಡರೆ ದೂರವಿರಿ.

ಫೋನು ಸಾಲದ ಸಂದರ್ಭಗಳು

ಈ ಕೆಳಗಿನವು ಇದ್ದರೆ ಮುಂದಿನ ವಾರದ ಸೆಷನ್‌ಗೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ:

- ಸಾಯುವ ಯೋಚನೆ ಬಲವಾಗಿರುವುದು, ಅದಕ್ಕೆ ತಯಾರಿ ನಡೆಸಿರುವುದು
- ಇಲ್ಲದ ದನಿ ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಎಂಬ ಗಟ್ಟಿ ನಂಬಿಕೆ
- ದಿನಗಟ್ಟಲೆ ನಿದ್ದೆಯಿಲ್ಲದೆ ಅತಿ ಉತ್ಸಾಹ, ಅತಿ ಮಾತು, ಮನಬಂದಂತೆ ಖರ್ಚು
- ಊಟ, ನೀರು ಬಿಟ್ಟಿರುವುದು
- ದಿನವೂ ಹೆಚ್ಚು ಕುಡಿಯುವವರು ಒಮ್ಮೆಗೇ ನಿಲ್ಲಿಸಿದಾಗ ಕೈನಡುಕ, ಗೊಂದಲ, ಫಿಟ್ಸ್
- ಹೆರಿಗೆಯಾದ ಕೆಲವೇ ದಿನಗಳಲ್ಲಿ ತಾಯಿಯ ನಡವಳಿಕೆ ಪೂರ್ತಿ ಬದಲಾಗುವುದು

ಯಾರಾದರೂ “ಬದುಕಿ ಏನು ಪ್ರಯೋಜನ” ಎಂದರೆ “ಸಾಯಬೇಕು ಅನಿಸ್ತಿದೆಯಾ?” ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬುದು ತಪ್ಪು ನಂಬಿಕೆ. ಕೇಳಿದ್ದರಿಂದ ಬಹಳ ಜನರಿಗೆ ಎದೆ ಹಗುರಾಗುತ್ತದೆ. ಅವರನ್ನು ಒಬ್ಬರನ್ನೇ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿ, ಹೆಚ್ಚಿನ ಮಾತ್ರೆಗಳನ್ನು ಮನೆಯಿಂದ ದೂರ ಬೀಗ ಹಾಕಿಡಿ. 108 ಅಥವಾ 112ಕ್ಕೆ ಕರೆ ಮಾಡಿ.

ಆ ಕಡೆ ಕೂತವರು ಅಸಲಿ ತಜ್ಞರೇ?

ಮನೋವೈದ್ಯರು ಎಂದರೆ ಎಂಬಿಬಿಎಸ್ ಮಾಡಿ, ಮನೋವೈದ್ಯಶಾಸ್ತ್ರ ಓದಿದವರು. ಮಾತ್ರೆ ಬರೆಯುವವರು ಇವರೇ. ಅವರ ನೋಂದಣಿ ವೈದ್ಯಕೀಯ ಪರಿಷತ್ತಿನಲ್ಲಿರುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಥೆರಪಿ ಮತ್ತು ಪರೀಕ್ಷೆ ಮಾಡುವವರು. ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ; ಸಂಖ್ಯೆ ಕೇಳಿ ಪರಿಷತ್ತಿನ ಜಾಲತಾಣದಲ್ಲಿ ನೋಡಬಹುದು. “ಕೌನ್ಸೆಲರ್”, “ಲೈಫ್ ಕೋಚ್”, “ಹೀಲರ್” ಎಂದು ಮಾತ್ರ ಬರೆದುಕೊಂಡವರ ಓದು ಏನು, ಅನುಭವ ಎಷ್ಟು ಎಂದು ಕೇಳಿಯೇ ಮುಂದುವರಿಯಿರಿ. ಕೇಳಿದ್ದಕ್ಕೆ ಸಿಟ್ಟಾದರೆ ಅಲ್ಲೇ ನಿಮಗೆ ಉತ್ತರ ಸಿಕ್ಕಿತು.

ಹಿಂದೆ ಸರಿಯಬೇಕಾದ ಇತರ ಸೂಚನೆಗಳು: ಪೂರ್ತಿ ವಾಸಿ ಎಂಬ ಗ್ಯಾರಂಟಿ, ಇಪ್ಪತ್ತು ಸೆಷನ್ ಹಣ ಮುಂಗಡ, ಒಟಿಪಿ ಅಥವಾ ಆಧಾರ್ ಫೋಟೋ ಕೇಳುವುದು, ಮಾತ್ರೆ ಬಿಡಿ ಎನ್ನುವುದು, ನಿಮ್ಮ ಕಥೆಯನ್ನು ವಿಡಿಯೋ ಮಾಡಿ ಹಾಕುತ್ತೇವೆ ಎನ್ನುವುದು.

ನಾನು ಹೇಳಿದ್ದು ಗುಟ್ಟಾಗಿ ಉಳಿಯುತ್ತದೆಯೇ?

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಚಿಕಿತ್ಸೆಯ ವಿವರ ಗೋಪ್ಯವಾಗಿರುವ ಹಕ್ಕನ್ನು ಕೊಟ್ಟಿದೆ. ಜೀವಕ್ಕೆ ಅಪಾಯ ತಡೆಯುವಂಥ ಕೆಲವೇ ಸಂದರ್ಭಗಳಿಗೆ ವಿನಾಯಿತಿ. ಆದರೆ ಆ್ಯಪ್‌ಗಳ ವಿಷಯದಲ್ಲಿ ಕಣ್ಣು ತೆರೆದಿರಬೇಕು. ಅಮೆರಿಕದ ದೊಡ್ಡ ಆನ್‌ಲೈನ್ ಥೆರಪಿ ಕಂಪನಿ ಬೆಟರ್‌ಹೆಲ್ಪ್, ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮೊದಲಾದ ಕಂಪನಿಗಳಿಗೆ ಕೊಟ್ಟಿದೆ ಎಂಬ ಆರೋಪದ ಪ್ರಕರಣದಲ್ಲಿ 78 ಲಕ್ಷ ಡಾಲರ್ ಕೊಡಲು 2023ರಲ್ಲಿ ಒಪ್ಪಬೇಕಾಯಿತು. ಆ್ಯಪ್ ನಿಮ್ಮ ಕಾಂಟ್ಯಾಕ್ಟ್, ಗ್ಯಾಲರಿ ಕೇಳಿದರೆ ಕೊಡಬೇಡಿ. ಮನೆಯವರೆಲ್ಲ ಬಳಸುವ ಫೋನಾದರೆ ಚಾಟ್‌ಗೆ ಲಾಕ್ ಹಾಕಿ.

ನೆಟ್‌ವರ್ಕ್ ಇಲ್ಲ, ಮನೆಯಲ್ಲಿ ಏಕಾಂತವಿಲ್ಲ. ಏನು ಮಾಡುವುದು?

ವಿಡಿಯೋ ಕಡ್ಡಾಯವೇನಲ್ಲ. ಸಾದಾ ಫೋನ್ ಕರೆಯಲ್ಲೂ ಥೆರಪಿ ನಡೆಯುತ್ತದೆ. ಮೊದಲೇ “ಲೈನ್ ಕಟ್ ಆದರೆ ಯಾರು ಯಾರಿಗೆ ಕರೆ ಮಾಡಬೇಕು” ಎಂದು ಮಾತಾಡಿಕೊಳ್ಳಿ. ಸಿಗ್ನಲ್ ಸಿಗುವ ಜಾಗ ಊರಿನವರಿಗೆಲ್ಲ ಗೊತ್ತಿರುತ್ತದೆ. ಅದೇ ಜಾಗದಲ್ಲಿ ಇನ್ನೂ ನಾಲ್ಕು ಜನ ಫೋನ್ ಹಿಡಿದು ನಿಂತಿರುತ್ತಾರೆ ಎಂಬುದೂ ಗೊತ್ತು. ಹೊಲದ ಬದು, ಕೆರೆ ಏರಿಯ ನಿರ್ಜನ ತುದಿ, ನಿಲ್ಲಿಸಿದ ಕಾರು, ಆಪ್ತರೊಬ್ಬರ ಕೋಣೆ ಆಗಬಹುದು. ಇಯರ್‌ಫೋನ್ ಹಾಕಿಕೊಂಡರೆ ನಿಮ್ಮ ಮಾತು ಮಾತ್ರ ಹೊರಗೆ ಕೇಳುತ್ತದೆ, ಆ ಕಡೆಯ ಪ್ರಶ್ನೆ ಕೇಳುವುದಿಲ್ಲ. ಗಾಡಿ ಓಡಿಸುತ್ತ ಮಾತ್ರ ಬೇಡ. ಯಾರಾದರೂ ಹತ್ತಿರ ಬಂದರೆ ಹೇಳಲು ಒಂದು ಗುರುತಿನ ಮಾತು ಇಟ್ಟುಕೊಳ್ಳಿ. ಮನೆಯಲ್ಲೇ ಹೊಡೆತ, ಬೆದರಿಕೆ ಇರುವ ಹೆಣ್ಣುಮಕ್ಕಳಿಗೆ ಇದು ಇನ್ನೂ ಮುಖ್ಯ.

ಭಾಷೆಯನ್ನೂ ಕೇಳಿ ಪಡೆಯಿರಿ. ಈ ಭಾಗದ ಮನೆಗಳಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು, ಟಿಬೆಟನ್ ಎಲ್ಲ ಇವೆ. ಅಳು ಬಂದಾಗ ಬಾಯಿಗೆ ಬರುವ ಭಾಷೆಯಲ್ಲೇ ಥೆರಪಿ ಚೆನ್ನ.

ದುಡ್ಡಿಲ್ಲದಿದ್ದರೆ ಎಲ್ಲಿಂದ ಶುರು ಮಾಡಬೇಕು?

ಟೆಲಿ ಮಾನಸ್: 14416. ಕೇಂದ್ರ ಸರ್ಕಾರದ ಈ ಸಹಾಯವಾಣಿ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾಯಿತು. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮೊದಲು ತರಬೇತಿ ಪಡೆದ ಸಮಾಲೋಚಕರು ಮಾತಾಡುತ್ತಾರೆ, ಬೇಕೆನಿಸಿದರೆ ತಜ್ಞರಿಗೆ ಜೋಡಿಸುತ್ತಾರೆ ಅಥವಾ ಹತ್ತಿರದ ಆಸ್ಪತ್ರೆಗೆ ಕಳಿಸುತ್ತಾರೆ. ಇದು ವಾರವಾರದ ಪೂರ್ತಿ ಥೆರಪಿಗೆ ಬದಲಿಯಲ್ಲ, ಆದರೆ ಮೊದಲ ಬಾಗಿಲು.

ಇ-ಸಂಜೀವನಿ: ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಯ ಮೂಲಕ ದೂರದ ವೈದ್ಯರ ಜತೆ ಮಾತಾಡುವ ಸರ್ಕಾರಿ ವ್ಯವಸ್ಥೆ. ನಿಮ್ಮ ಬಳಿ ಸ್ಮಾರ್ಟ್‌ಫೋನ್ ಇಲ್ಲದಿದ್ದರೂ ನಡೆಯುತ್ತದೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ: ಇಂದು ದೇಶದೆಲ್ಲೆಡೆ ಇರುವ ಈ ಕಾರ್ಯಕ್ರಮದ ಮಾದರಿ ರೂಪುಗೊಂಡದ್ದು ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ, 1980ರ ದಶಕದಲ್ಲಿ, ನಿಮ್ಹಾನ್ಸ್ ತಜ್ಞರ ಪ್ರಯೋಗದಿಂದ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದು ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ದೊಡ್ಡ ಆಸ್ಪತ್ರೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಘಟ್ಟದ ಕೆಳಗಿನವರಿಗೆ ಕಾರವಾರದ ಜಿಲ್ಲಾ ಆಸ್ಪತ್ರೆ ಇವೆ. ಮೊದಲ ಭೇಟಿ ಅಲ್ಲಿ ಮಾಡಿ, ನಂತರದ ಮಾತುಕತೆ ಫೋನಿನಲ್ಲಿ ಆಗುತ್ತದೆಯೇ ಎಂದು ಕೇಳಿ. ಎರಡನ್ನೂ ಸೇರಿಸಿದ ಈ ದಾರಿ ಹಳ್ಳಿಯವರಿಗೆ ಚೆನ್ನಾಗಿ ಹೊಂದುತ್ತದೆ.

ದೇವರಿಗೆ ಹರಕೆ ಹೊರುವುದು, ಹಿರಿಯರ ಹತ್ತಿರ ಕೇಳಿಸುವುದು ನಿಮಗೆ ನೆಮ್ಮದಿ ಕೊಟ್ಟರೆ ಮಾಡಿ. ಅದಕ್ಕಾಗಿ ಚಿಕಿತ್ಸೆ ನಿಲ್ಲಿಸಬೇಡಿ, ಹೊಡೆದು ಬಡಿದು “ಬಿಡಿಸುವ” ಜಾಗಕ್ಕೆ ಯಾರನ್ನೂ ಒಯ್ಯಬೇಡಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

- ಆನ್‌ಲೈನ್ ಥೆರಪಿ ಖಿನ್ನತೆ, ಆತಂಕಕ್ಕೆ ನೆರವಾಗುತ್ತದೆ. ಗ್ಯಾರಂಟಿ ಯಾರೂ ಕೊಡಲಾರರು.
- ದೀರ್ಘಕಾಲದ ಕಾಯಿಲೆಯವರಿಗೆ, ಎಡಿಎಚ್‌ಡಿ ಇರುವ ದೊಡ್ಡವರಿಗೆ ಅದು ಚಿಕಿತ್ಸೆಯ ಒಂದು ಭಾಗ.
- ಮಾತ್ರೆಯನ್ನು ಫಾರ್ವರ್ಡ್ ನೋಡಿ ನಿಲ್ಲಿಸಬೇಡಿ.
- ಥೆರಪಿಸ್ಟರ ಓದು, ನೋಂದಣಿ ಕೇಳುವುದು ನಿಮ್ಮ ಹಕ್ಕು.
- ಉಚಿತವಾಗಿ, ಕನ್ನಡದಲ್ಲಿ, ದಿನದ 24 ಗಂಟೆ ಮಾತಾಡಲು ಟೆಲಿ ಮಾನಸ್ 14416. ಜೀವಕ್ಕೆ ಅಪಾಯವಿದ್ದರೆ 108 ಅಥವಾ 112.

ಈ ಸಂಖ್ಯೆಯನ್ನು ಇಂದೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ನಿಮಗೆ ಬೇಕಾಗದಿರಬಹುದು, ಆದರೆ ನಿಮ್ಮ ಗ್ರೂಪಿನಲ್ಲಿ ಕೆಲ ದಿನಗಳಿಂದ ಮೌನವಾಗಿರುವ ಒಬ್ಬರಿಗೆ ಬೇಕಾಗಬಹುದು.